ಹಳತ್ ತೆಗಿ

"ತೆಗಿ" ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ. ನಮ್ಮಲ್ಲಿ ಬಾಗಿಲನ್ನೂ ತೆಗೆಯುತ್ತೇವೆ, ಹಲ್ಲನ್ನೂ ತೆಗೆಯುತ್ತೇವೆ.

ಕುಂದಾಪುರದ ಹತ್ತಿರ ದೋಣಿ ಮಾಲೀಕರದೊಂದು ಸಣ್ಣ ಕಚೇರಿ. ಡಿಗ್ರಿ ಮುಗಿಸಿ ಅಲ್ಲಿ ಸೇರಿದ್ದೆ. ಯಾವ ದೋಣಿಯಲ್ಲಿ ಯಾರು ಯಾರು ಕಡಲಿಗೆ ಹೋದರು ಎಂದು ಬೆಳಿಗ್ಗೆ ಬೆಳಿಗ್ಗೆ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಆ ವಾರ ಲಿನಕ್ಸಿನಲ್ಲಿದ್ದ ಹಳೆ ಡೇಟಾಬೇಸಿನ ಜಾಗಕ್ಕೆ ಹೊಸ ಆವೃತ್ತಿ ಹಾಕಲು ಬ್ರಹ್ಮಾವರದಿಂದ ಒಬ್ಬರು ಬಂದಿದ್ದರು. ಬಂದ ದಿನವೇ ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡಿದ್ದರು. ಮಾರನೆಯ ಬೆಳಿಗ್ಗೆಯ ಹೆಸರುಗಳನ್ನು ನಾನು ಹಳತರಲ್ಲೇ ಬರೆದೆ. ಆಮೇಲೆ ಅವರು ಹೊಸದನ್ನು ಹಾಕಿದರು. ಅದಿನ್ನೂ ಖಾಲಿ.

ಅದೇ ಮಧ್ಯಾಹ್ನ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಂದು ದೋಣಿ ಮಗುಚಿತು. ಅರ್ಧ ಗಂಟೆಯಲ್ಲಿ ಕಚೇರಿಯೆದುರು ಜನವೋ ಜನ.

"ಹ್ವಾಯ್, ಎಂತ ಮಾಡ್ತ್ರಿ ಒಳ್ಗೆ? ಹೆಸ್ರ್ ಓದಿನಿ!" ದೋಣಿಯಲ್ಲಿದ್ದವರ ಹೆಸರು ಓದಿ ಎಂದು ಹೊರಗಿನಿಂದ ಕೂಗು.

ಪರದೆಯಲ್ಲಿ ಒಂದು ಹೆಸರೂ ಇಲ್ಲ. ಬೈಂದೂರಿಗೆ ಹೋಗಿದ್ದ ನಮ್ಮ ಕಚೇರಿಯ ಕಾರ್ಯದರ್ಶಿಗೆ ಫೋನು ಮಾಡಿದೆ. "ಹಳತ್ ತೆಗಿ ಅನ್ ಮಾರಾಯ, ಬೇಗ!" ಎಂದರು. ಆ ಮಾತನ್ನು ನಾನು ಬ್ರಹ್ಮಾವರದವರಿಗೆ ಹಾಗೆಯೇ ದಾಟಿಸಿದೆ. ಕಾರ್ಯದರ್ಶಿ ಹೇಳಿದ್ದು ಹಳತನ್ನು ತೆರೆದು ನೋಡಲು. ಎರಡೂ ಒಟ್ಟಿಗೆ ಓಡುತ್ತಿರುವುದೇ ತೊಂದರೆ ಅಂದುಕೊಂಡಿದ್ದ ಬ್ರಹ್ಮಾವರದವರು ಹಳೆ ಆವೃತ್ತಿಯನ್ನು ಕಿತ್ತೇ ಹಾಕಿದರು. ದತ್ತಾಂಶವನ್ನೂ ಅಳಿಸಲೇ ಎಂದು ಯಂತ್ರ ಕೇಳಿತು. ಹೊರಗೆ ಬಾಗಿಲಿಗೆ ಒದೆಯುತ್ತಿದ್ದರು. ಬ್ರಹ್ಮಾವರದವರು ಹೌದು ಎಂದು ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ.

ಒಡೆದ ಕಿಟಕಿಯ ಗಾಜಿನ ಚೂರು ನನ್ನ ತೋಳಿಗೆ ಬಂದು ನೆಟ್ಟಿತು. ಬಾಗಿಲು ಮುರಿಯಿತು.

"ಕಂಪ್ಯೂಟರಾ ಅದ್, ಮೀನ್ ಪೆಟ್ಟಿಗಿಯಾ?" ಎನ್ನುತ್ತ ಒಬ್ಬ ದೋಣಿಯ ಹುಟ್ಟನ್ನು ಬೀಸಿದ. ಅದು ಬ್ರಹ್ಮಾವರದವರ ಕಿವಿಯ ಮೇಲೆ ಬಿತ್ತು. ಹಸಿ ಕಟ್ಟಿಗೆ ಸೀಳಿದಂಥ ಸದ್ದು. ಕೀಲಿಮಣೆಯ ಸಂದುಗಳಿಗೆಲ್ಲ ರಕ್ತ ಇಳಿಯಿತು. ಇನ್ನೊಬ್ಬ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. "ನನ್ ತಮ್ಮ ಇದ್ನಾ ಇಲ್ಯಾ, ಅಷ್ಟ್ ಹೇಳ್!"

"ಪೆನ್‌ಡ್ರೈವ್," ಎಂದರು ನೆಲದಲ್ಲಿ ಬಿದ್ದವರು. ಒಂದು ಕೈಯಲ್ಲಿ ಕಿವಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅವರೇ ನಕಲನ್ನು ಹೊಸದಕ್ಕೆ ತುಂಬಿದರು. ಮಗುಚಿದ ದೋಣಿಯ ಪಟ್ಟಿ ಬಂತು. ನಾನು ಗಟ್ಟಿಯಾಗಿ ಓದಿದೆ. ಕೆಲವರು ಅಲ್ಲೇ ಕುಸಿದರು. ಕುತ್ತಿಗೆ ಹಿಡಿದವನ ಕೈ ಸಡಿಲವಾಯಿತು.

ಗುಲ್ವಾಡಿಯ ಹೆಂಗಸೊಬ್ಬರು ಮುಂದೆ ಬಂದರು. ಗಂಡನ ಹೆಸರನ್ನು ಬಾಯಲ್ಲಿ ಹೇಳದೆ ಆತನ ಗುರುತಿನ ಚೀಟಿ ಚಾಚಿದರು. "ಈ ಹೆಸ್ರ್ ಪಟ್ಟಿಯಗ್ ಇತ್ತಾ ಕಾಣಿನಿ. ದಿನಾ ಬೇರೆ ದೋಣಿಗ್ ಹೋಪುದ್."

"ಇಲ್ಲೆ, ಅಕ್ಕ," ಎಂದೆ.

"ದೇವ್ರ್ ದೊಡ್ಡವ," ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ತೋಳಿನ ಗಾಯ ನೋಡಿ, "ಕಟ್ಟ್ ಹಾಕ್ಕಣಿ" ಎಂದು ನಕ್ಕು ಬಾಗಿಲ ಕಡೆ ತಿರುಗಿದರು.

ಚೀಟಿಯ ಮೇಲಿನ ಹೆಸರು ಆಗ ನನ್ನ ಬೆರಳಿಗೆ ನೆನಪಾಯಿತು. ಮಗುಚಿದ ದೋಣಿಯ ಒಬ್ಬರಿಗೆ ಜ್ವರ ಎಂದು ಬೆಳಿಗ್ಗೆ ಬದಲಿಗೆ ಈ ಹೆಸರು ಹಾಕಿದ್ದೆ. ನಾನೇ. ಹಳತರಲ್ಲಿ. ಈ ನಕಲು ಅದರ ಹಿಂದಿನ ದಿನದ್ದು.

"ಅಕ್ಕಾ," ಎಂದೆ, "ಒಂಚೂರ್ ನಿಲ್ಲಿನಿ."

ಅವರು ತಿರುಗಿದರು. ಆ ನಗು ಇನ್ನೂ ಮುಖದ ಮೇಲಿತ್ತು.