ಬಫಿಂಗ್ ಚಕ್ರದ ಮುಂದೆ ಸೆರಗು

ಭಾನುವಾರ. ಸಿಂದಗಿಯ ಕಾಕಾನ ಮನೆಯಲ್ಲಿ ಮಧ್ಯಾಹ್ನದ ಊಟ. ಪಕ್ಕದ ಪಾತ್ರೆ ಅಂಗಡಿಯಿಂದ ಪಾಲಿಶ್ ಮೇಣ ಸುಟ್ಟ ವಾಸನೆ ಬಂದಾಗ ಕಾಕಾ ನಗುತ್ತ ಹೊಸ ಸೊಸೆಗೆ ಹೇಳಿದ: "ಹೆಂಗಸರ ಕೈಯಾಗ ಮಷೀನ್ ಕೊಟ್ರ ಏನಾಕ್ಕೈತಿ, ನಿಮ್ಮತ್ತಿ ಕೈ ನೋಡು." ಅವನ ಹೆಂಡತಿ, ನನ್ನ ಚಿಗವ್ವ, ಎರಡು ಬೆರಳಿಲ್ಲದ ಎಡಗೈಯಲ್ಲಿ ಬುಟ್ಟಿ ಹಿಡಿದು ರೊಟ್ಟಿ ನೀಡುತ್ತಿದ್ದಳು.

ನಾನು ಚಿಕ್ಕವಳಿದ್ದಾಗ ಆ ಮಷೀನ್ ಇದೇ ಮನೆಯ ಹಿತ್ತಲ ಶೆಡ್ಡಿನಲ್ಲಿತ್ತು. ಒಂದು ಬದಿ ಕುಡಗೋಲು ಹರಿತ ಮಾಡುವ ಕಲ್ಲು, ಇನ್ನೊಂದು ಬದಿ ಹಿತ್ತಾಳೆ ಕೊಡಕ್ಕೆ ಹೊಳಪು ಕೊಡುವ ಬಟ್ಟೆಯ ಬಫಿಂಗ್ ಚಕ್ರ. ಕಾಕಾ ಕಿಡಿ ತಡೆಯುವ ಕನ್ನಡಕವಿಲ್ಲದೆ, ಹೆಗಲಿನ ಟವೆಲ್ ಜೋತಾಡಿಸಿಕೊಂಡು ಅದರ ಮುಂದೆ ನಿಲ್ಲುತ್ತಿದ್ದ. ಚಿಗವ್ವ ಬಳೆ ತೆಗೆದಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಕನ್ನಡಕ ಹಾಕಿಕೊಂಡು, ಕೊಡ ಕೈಜಾರಿದರೂ ಮೈಮೇಲೆ ಹಾರದಂತೆ ಅದನ್ನು ಚಕ್ರದ ಕೆಳಗಿನ ಅರ್ಧಕ್ಕೇ ಒತ್ತುತ್ತಿದ್ದಳು. "ಸೆರಗಾಗ್ಲಿ ಟವೆಲ್ ಆಗ್ಲಿ, ಸಡಿಲ ಅರಿವಿ ಕಂಡ್ರ ಇದು ಬಿಡಂಗಿಲ್ಲವ್ವಾ. ಮಾವ ಯಾರು, ಮೈದುನ ಯಾರು ಅಂತ ಕೇಳಂಗಿಲ್ಲ," ಎನ್ನುತ್ತಿದ್ದಳು.

ಒಂದು ದಿನ ಚಿಗವ್ವ ಕೊಡಕ್ಕೆ ಹೊಳಪು ಕೊಡುತ್ತಿದ್ದಾಗ ಕಾಕಾನ ಅಪ್ಪ, ನಮ್ಮ ಮುತ್ಯಾ, ಶೆಡ್ಡಿಗೆ ಬಂದ. "ತಲಿ ಮ್ಯಾಲ ಸೆರಗ ಎಲ್ಲೈತಿ?"

"ಮಷೀನ್ ಬಂದ್ ಮಾಡ್ತೇನಿ, ತಡೀರಿ ಮಾವಾರ."

"ಮೊದಲ ಸೆರಗ!"

ಕಾಕಾ ಅಲ್ಲೇ ಇದ್ದ. "ಹಾಕ್ಕೋ ಅಂದ್ರ ಹಾಕ್ಕೋ," ಎಂದು ಗದರಿಸಿದ. ಅವಳು ಸೆರಗು ಬಿಚ್ಚಿ ತಲೆಗೆ ಎಳೆದುಕೊಂಡಳು. ಚಕ್ರ ಸೆರಗನ್ನೂ ಅದನ್ನು ಹಿಡಿದ ಕೈಯನ್ನೂ ಒಳಗೆಳೆದುಕೊಂಡಿತು.

ಮುತ್ಯಾ ಈಗಿಲ್ಲ. ಕಾಕಾ ಹೇಳುವ ಕಥೆಯಲ್ಲಿ ಮುತ್ಯಾನೂ ಇಲ್ಲ, ಗದರಿಸಿದ ಕಾಕಾನೂ ಇಲ್ಲ. ತಪ್ಪು ಮಾಡಿದ ಚಿಗವ್ವ ಒಬ್ಬಳೇ ಇದ್ದಾಳೆ. ಎಲ್ಲ ಕಣ್ಣಾರೆ ಕಂಡ ನಾನು ಇವತ್ತೂ ತಲೆ ತಗ್ಗಿಸಿ ಉಂಡು ಎದ್ದೆ. ಬರುವ ಭಾನುವಾರ, ಎಲ್ಲರೂ ಊಟಕ್ಕೆ ಕೂತಾಗ, ಅವತ್ತು ಕಾಕಾ ಗದರಿಸಿದ ಮಾತನ್ನು ಸೊಸೆಯ ಎದುರೇ ಹೇಳಬೇಕೆಂದು ನಿರ್ಧರಿಸಿದ್ದೇನೆ.