ಶಾಲೆಯ ಮುಂದಿನ ಕಲ್ಲಿನ ಕೆಂಪಯ್ಯ

ನಮ್ಮೂರ ಶಾಲೆಯ ಮುಂದಿನ ಕಲ್ಲಿನಲ್ಲಿ ‘ಯುದ್ಧದಲ್ಲಿ ಮಡಿದ ಕೆಂಪಯ್ಯ, ಪಟೇಲರ ಮನೆ’ ಎಂದು ಕೆತ್ತಿರುವುದು ಸುಳ್ಳು. ಸುಳ್ಳೆಂದು ತಿಳಿದೂ ಆ ಕಲ್ಲು ನೆಡಿಸಿದವನು ನಾನು.

ಬಿಳಿಗೆರೆ ಪಕ್ಕದ ನಮ್ಮ ಹಳ್ಳಿಯಲ್ಲಿ ಹಿರಿಮಗನಿಗೆ ಊರದೇವತೆ ಕೆಂಪಮ್ಮನ ಹೆಸರಿಡುವುದು ರೂಢಿ. ಬೀದಿಯಲ್ಲಿ ನಿಂತು ಕೂಗಿದರೆ ಮನೆಗೊಬ್ಬ ಕೆಂಪಯ್ಯ ಬಾಗಿಲಿಗೆ ಬರುತ್ತಾನೆ. ಎರಡನೇ ಮಹಾಯುದ್ಧಕ್ಕೂ ಇಬ್ಬರು ಕೆಂಪಯ್ಯಂದಿರು ಹೋದರು — ಒಬ್ಬ ನನ್ನ ತಾತನ ಅಣ್ಣ, ಇನ್ನೊಬ್ಬ ಕೆಳಗಿನ ಬೀದಿಯ ಗಂಗಮ್ಮನವರ ಅಪ್ಪ. ಇಬ್ಬರೂ ಹಿಂತಿರುಗಲಿಲ್ಲ. ಒಬ್ಬ ಸತ್ತನಂತೆ, ಒಬ್ಬ ಓಡಿಹೋದನಂತೆ ಎಂಬಷ್ಟು ಸುದ್ದಿ ಊರಿಗೆ ಬಂತು. ಸತ್ತವನು ನಮ್ಮವನು ಎಂದರು ನಮ್ಮ ಮನೆಯವರು. ಪಟೇಲರ ಮಾತಿಗೆ ಎದುರಾಡುವವರು ಯಾರು? ಗಂಗಮ್ಮನವರು ಓಡಿಹೋದವನ ಮಗಳಾಗಿ ಬೆಳೆದರು. ಅವರಮ್ಮ ಸಾಯುವವರೆಗೂ ಕುಂಕುಮ ಅಳಿಸಲಿಲ್ಲ. ಅದಕ್ಕೂ ಊರು ನಗುತ್ತಿತ್ತು.

ನಾನು ಇತಿಹಾಸದ ಮೇಷ್ಟ್ರು. ನಿವೃತ್ತನಾದ ಮೇಲೆ ಮನೆತನದ ಚರಿತ್ರೆ ಬರೆಯುವ ಹುಚ್ಚು ಹತ್ತಿತು. ಮೈಸೂರಿಗೆ ಹೋಗಿ ಯುದ್ಧಕಾಲದ ಪತ್ರಿಕೆಗಳನ್ನು ತಿರುವಿಹಾಕಿದೆ. ಮಡಿದವರ ಸುದ್ದಿಯಲ್ಲಿ ನಮ್ಮೂರಿನ ಹೆಸರು, ಪಕ್ಕದಲ್ಲಿ ಕೆಂಪಯ್ಯ — ಅಷ್ಟೇ ಇತ್ತು. ಕಣ್ಣಲ್ಲಿ ನೀರು ಬಂತು, ಅದು ಮಾತ್ರ ನಿಜ. ಊರಿಗೆ ಬಂದವನೇ ಕಲ್ಲು ನೆಡಿಸುವ ಮಾತೆತ್ತಿದೆ, ಎಲ್ಲರೂ ಒಪ್ಪಿದರು. ಕೆತ್ತನೆ ಮುಗಿದು ಆಹ್ವಾನ ಪತ್ರಿಕೆ ಹಂಚಿದ ಮೇಲೆ, ಹಿಂದೆ ಕೇಳಿಕೊಂಡಿದ್ದ ಸೈನ್ಯದ ದಾಖಲೆಗಳ ಪ್ರತಿ ಕೈಗೆ ಬಂತು. ಹಳೇ ಪತ್ರಿಕೆಯ ಸುದ್ದಿಯಲ್ಲಿ ಇಲ್ಲದ ತಂದೆಯ ಹೆಸರು, ಹೆಂಡತಿಯ ಹೆಸರು ಅದರಲ್ಲಿದ್ದವು. ಬರ್ಮಾದಲ್ಲಿ ಗುಂಡು ತಗುಲಿ ಸತ್ತವರು ಗಂಗಮ್ಮನವರ ಅಪ್ಪ. ಕ್ಯಾಂಪಿನಿಂದ ಪರಾರಿಯಾದವನು ನಮ್ಮವನು.

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಲ್ಕು ಜನರೆದುರು ಹಾರ ಹಾಕಿಸಿಕೊಳ್ಳುವ ಆಸೆ — ಮನೆತನದ ಮಾನ ಎಂದು ಅದಕ್ಕೆ ಹೆಸರಿಟ್ಟುಕೊಂಡೆ. ದಾಖಲೆಯನ್ನು ಬೀರುವಿಗೆ ಸೇರಿಸಿ, ಪತ್ರಿಕೆಯ ನಕಲನ್ನಷ್ಟೇ ಎಲ್ಲರಿಗೂ ತೋರಿಸಿದೆ.

ಸಮಾರಂಭ ಮುಗಿದು ಜನ ಕರಗುವವರೆಗೆ ಗಂಗಮ್ಮನವರು ಕೋಲೂರಿ ನಿಂತೇ ಇದ್ದರು. ಆಮೇಲೆ ಹತ್ತಿರ ಬಂದರು.

“ನಮ್ಮಪ್ಪನ ಹೆಸ್ರೂ ಎಲ್ಲಾದ್ರೂ ಸಿಕ್ತೇನಪ್ಪಾ?”

“ಇಲ್ಲ ದೊಡ್ಡಮ್ಮ, ಎಲ್ಲೂ ಇಲ್ಲ.”

“ಹೋಗ್ಲಿ ಬುಡು ಕಣಪ್ಪ. ಓಡೋದೋರ ಹೆಸ್ರು ಯಾರ್ ಬರೀತಾರೆ.”

ನನಗೇ ಸಮಾಧಾನ ಹೇಳುವಂತೆ ಹೇಳಿ ಹೋದರು. ಮೂರು ವರ್ಷ ಅದು ಗಂಟಲಲ್ಲಿ ಬಿಸಿತುಪ್ಪ. ನುಂಗಿಯಾಯಿತು ಎಂದುಕೊಂಡಿದ್ದೆ.

ಮೊನ್ನೆ ಅವರು ಮನೆಗೆ ಬಂದರು. ಪಿತೃಪಕ್ಷ ಹತ್ತಿರವಿದೆ. ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ; ಬದುಕಿರುವವರ ಹೆಸರಲ್ಲಿ ಇಟ್ಟರೆ ಅವರ ಆಯುಸ್ಸು ಕಿತ್ತಂತೆ ಎಂಬ ಭಯ ನಮ್ಮ ಕಡೆ. ನಮ್ಮ ಮನೆಯಲ್ಲಿ ಕೆಂಪಯ್ಯನಿಗೆ ಹೊಸ ಪಂಚೆ ಇಟ್ಟು ಎಡೆ ಮಾಡುತ್ತಲೇ ಬಂದಿದ್ದೇವೆ — ಆತ ಎಲ್ಲೋ ಹೊಟ್ಟೆತುಂಬ ಉಂಡುಕೊಂಡಿದ್ದನೋ ಏನೋ. ಗಂಗಮ್ಮನವರು ಅಪ್ಪನಿಗೆ ಒಮ್ಮೆಯೂ ಇಟ್ಟಿಲ್ಲ.

“ಈ ಸಲ ಇಡ್ಲಾ ಅಂತ ಅನ್ಕಂಡಿದೀನಿ. ಬದ್ಕಿದ್ರೂ ನೂರು ದಾಟಿರ್ತೈತೆ. ಆದ್ರೂ ಎಲ್ಲೋ ಉಸ್ರು ಇಟ್ಕಂಡಿದ್ರೆ? ನೀನು ಓದಿರೋನು, ಹೇಳಪ್ಪ.”

ಕಾಫಿ ಕುಡೀರಿ ದೊಡ್ಡಮ್ಮ ಎಂದೆ. ಇಂಥ ಹೇಡಿ ನಾನು ಎಂದು ಅವತ್ತು ನನಗೇ ಹೇಸಿಗೆಯಾಯಿತು.

ಹೊಸ ಕಲ್ಲಿಗೆ ಹೇಳಿ ಬಂದಿದ್ದೇನೆ. ನಾಳೆ ಬೆಳಿಗ್ಗೆ ದಾಖಲೆಯನ್ನೂ ಈ ಬರಹವನ್ನೂ ಹಿಡಿದು ಅವರ ಜಗಲಿಗೆ ಹೋಗುತ್ತೇನೆ. ಅವರಿಗೆ ಓದು ಬರದು. ಬೀದಿಗೆಲ್ಲ ಕೇಳುವಂತೆ ನಾನೇ ಓದಿ ಹೇಳುತ್ತೇನೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ.

ಎಡೆ ಇಡಿ ದೊಡ್ಡಮ್ಮ. ನಿಮ್ಮಪ್ಪ ಸತ್ತಿದ್ದಾರೆ. ನೀವಿನ್ನೂ ತೊಟ್ಟಿಲಲ್ಲಿದ್ದಾಗಲೇ ಸತ್ತಿದ್ದಾರೆ.