ಆಶಾನ್ ಹತ್ತಿದ ಏಣಿ

ಅವರ ಎಡಹುಬ್ಬಿನ ಅರ್ಧಭಾಗದಲ್ಲಿ ಕೂದಲೇ ಇರಲಿಲ್ಲ. ಎಂದೋ ಕಿಡಿ ಹಾರಿ ಸುಟ್ಟದ್ದು ಮತ್ತೆ ಬೆಳೆಯಲಿಲ್ಲವಂತೆ. ಸಿಟ್ಟು ಬಂದರೆ ಉಳಿದರ್ಧ ಮೇಲೇರುತ್ತಿತ್ತು. ಆಗ ಅವರ ವೆಲ್ಡಿಂಗ್ ವರ್ಕ್‌ಶಾಪಿನಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಗಡಿಯಂಚಿನ ನಮ್ಮೂರು ಮುಳ್ಳನ್ಕೊಲ್ಲಿಯವರಿಗೆಲ್ಲ ಅವರು ಆಶಾನ್, ಅಂದರೆ ಗುರು. ನನ್ನನ್ನು ಮಲಯಾಳದಲ್ಲಿ ‘ಮೋಳೇ’ ಎಂದು ಮಗಳಂತೆ ಕರೆದು, ಕನ್ನಡದಲ್ಲಿ ಬೈಯುವುದು ಅವರ ಪದ್ಧತಿ.

ಮೂವತ್ತು ದಾಟಿದ ಹೆಂಗಸು ವೆಲ್ಡಿಂಗ್ ಕಲಿಯಲು ಹೋದಾಗ ಊರು ನಕ್ಕಿತು, ಅವರು ನಗಲಿಲ್ಲ. ಕಬ್ಬಿಣದ ಗೇಟು, ಗ್ರಿಲ್ಲುಗಳಲ್ಲಿ ನನ್ನ ಕೈ ಕುದುರಿತು. ಅಷ್ಟರಲ್ಲಿ ಮೆಣಸು ಕುಯ್ಯುವ ಕಾಲ ಬಂತು. ಮರಕ್ಕೆ ಹಬ್ಬಿದ ಬಳ್ಳಿ ಏಣಿಯಿಲ್ಲದೆ ಕೈಗೆಟುಕದು. ನನ್ನ ತಮ್ಮ ಹತ್ತುವ ಅಲ್ಯೂಮಿನಿಯಂ ಏಣಿಯ ಮೆಟ್ಟಿಲೊಂದು ಬಿಟ್ಟುಕೊಂಡಿತ್ತು. ನಾನೇ ಬೆಸೆಯುತ್ತೇನೆಂದು ಹಟ ಹಿಡಿದೆ. ಬೆಸುಗೆ ಕೈಕೊಟ್ಟರೆ ಬೀಳುವವನು ಅವನು.

ಮೊದಲು ಒಂದು ಹಳೇ ತುಂಡಿನ ಮೇಲೆ ಕೈ ನೋಡಿದೆ. ಕಬ್ಬಿಣಕ್ಕೆಂದು ಇಟ್ಟಿದ್ದ ಡಿಸಿಯಲ್ಲೇ, ಅಂದರೆ ಒಂದೇ ದಿಕ್ಕಿಗೆ ಓಡುವ ಕರೆಂಟಿನಲ್ಲೇ, ಟಂಗ್‌ಸ್ಟನ್ ಸೂಜಿಯಿಂದ ಕಿಡಿ ಹೊತ್ತಿಸುವ ಟಿಗ್ ಹಚ್ಚಿದೆ. ಮೇಲೆ ಕೊಳಕು ಪೊರೆ, ಅದರಡಿ ಕರಗಿದ ಲೋಹ. ಒಂದಕ್ಕೊಂದು ಕೂಡಲೇ ಇಲ್ಲ. ಆಶಾನ್ ಹುಬ್ಬೇರಿಸಿಕೊಂಡು ಬಂದರು.

“ಸಿಪ್ಪೆ ಸುಲೀದೆ ಕಾಫಿಬೀಜ ಸಿಕ್ತದಾ ಮೋಳೇ? ಅಲ್ಯೂಮಿನಿಯಂಗೂ ಮೈಮೇಲೆ ಸಿಪ್ಪೆ ಅದೆ. ಎಸಿಗೆ ಹಾಕು. ಕರೆಂಟು ಹಿಂದಕ್ಕೂ ಮುಂದಕ್ಕೂ ಓಡ್ತದೆ. ಒಂದ್ ಕಡೆ ಓಡುವಾಗ ಸಿಪ್ಪೆ ಸುಲೀತದೆ, ಇನ್ನೊಂದ್ ಕಡೆ ಓಡುವಾಗ ಲೋಹ ಕರಗಿಸ್ತದೆ.”

“ಡಿಸಿಯಲ್ಲೇ ವಯರ್ ಅದಲುಬದಲು ಮಾಡುದ್ರೆ ಸುಲಿಯಲ್ವಾ ಆಶಾನೇ?”

“ಸುಲೀತದೆ. ನಿನ್ನ ಟಂಗ್‌ಸ್ಟನ್ ಸೂಜಿನೂ ಕರಗಿ ಉಂಡೆ ಆಯ್ತದೆ. ಅದ್ನೇ ಮೂಗುಬಟ್ಟು ಮಾಡ್ಕೊ!”

ಏಣಿಯನ್ನು ತಿಕ್ಕಿ ಶುಚಿ ಮಾಡಿ, ಎಸಿಗೆ ತಿರುಗಿಸಿದೆ. ಅಬ್ಬಾ! ಜುಂಯ್ ಎನ್ನುತ್ತ ಪೊರೆ ಸರಿಯಿತು, ಕರಗಿದ ಲೋಹದ ಕನ್ನಡಿಯಂಥ ಹೊಂಡ ಫಳಫಳ ಹೊಳೆಯಿತು. ಬೆಸೆಯುವ ಅಲ್ಯೂಮಿನಿಯಂ ಕಡ್ಡಿ ತಾಗಿಸಿದ್ದೇ ತಡ, ಸಲೀಸಾಗಿ ಬೆರೆತುಹೋಯಿತು. ಖುಷಿ ತಡೆಯಲಾಗದೆ ಮುಖವಾಡದೊಳಗೇ ಕಿರುಚಿಬಿಟ್ಟೆ.

ಏಣಿ ತಣಿಯುತ್ತಲೇ ತಮ್ಮ ಹತ್ತಲು ಬಂದ. ಆಶಾನ್ ಅವನನ್ನು ಪಕ್ಕಕ್ಕೆ ತಳ್ಳಿ, ಮುಂಡು ಪಂಚೆ ಎತ್ತಿ ಕಟ್ಟಿ, ಆ ಭಾರೀ ಮೈ ಹೊತ್ತು ತಾವೇ ಹತ್ತಿದರು. ನಾನು ಬೆಸೆದ ಮೆಟ್ಟಿಲ ಮೇಲೆ ನಿಂತು ಕುಣಿದರು. ನಾನು ಏಣಿಯ ಬುಡ ಗಟ್ಟಿಯಾಗಿ ಹಿಡಿದೆ. ಏಣಿ ಜಪ್ಪಯ್ಯ ಎನ್ನಲಿಲ್ಲ.

“ಬಿದ್ರೆ ನಾನ್ ಬೀಳ್ಬೇಕು. ಕಲ್ಸಿದ್ದು ನಾನಲ್ವಾ!” ಎಂದು ಮೇಲಿನಿಂದಲೇ ನಗುತ್ತ ಕೂಗಿದರು.

ಕಳೆದ ವರ್ಷ ಆಶಾನ್ ತೀರಿಕೊಂಡರು. ಈಗ ನನ್ನ ಬಳಿಯೂ ಹೆಂಗಸರು ಕಲಿಯಲು ಬರುತ್ತಾರೆ. ಮೊನ್ನೆ ಒಬ್ಬಳು ಮೊದಲ ಸಲ ಏಣಿ ಬೆಸೆದಳು. ಯಾರೂ ಕಾಲಿಡುವ ಮೊದಲು ನಾನೇ ಹತ್ತಿದೆ, ನಗುತ್ತಲೇ ಹತ್ತಿದೆ. ಎರಡೂ ಕೈ ಮಾತ್ರ ಏಣಿಯ ಕಂಬವನ್ನು ಬಿಗಿಯಾಗಿ ಅವಚಿಕೊಂಡಿದ್ದವು. ಅಂದು ಅವರಿಗೂ ಹೆದರಿಕೆಯಾಗಿತ್ತೆಂದು ಆಗ ಗೊತ್ತಾಯಿತು.